ಯಶೋದಮ್ಮನ ಮಾತ್ರೆ ಡಬ್ಬ

“ಕರಿ-ಕೆಂಪು ಮಾತ್ರೆ ಬೇಕೊ, ಅಳದೀದ್ ಬೇಕೊ?” ಎಂದು ಯಶೋದಮ್ಮ ಕೇಳಿದಳು.

ಜಗಲಿಯ ಮೇಲೆ ಕೂತಿದ್ದ ಪುಟ್ಟರಾಜು ಟವೆಲ್ಲಿನಿಂದ ಮೂಗೊರೆಸಿಕೊಂಡು ಯೋಚಿಸಿದ. ಮದುವೆ ಸೀರೆ ಆರಿಸುವವರೂ ಅಷ್ಟು ಯೋಚಿಸುವುದಿಲ್ಲ.

“ಓದ್ಸಲ ಯಾವ್ದು ಕೊಟ್ಟಿದ್ದೆ ಅತ್ತೆ?”

“ಓದ್ಸಲ ನಿಂಗೆ ಬೇದಿ. ಈಗ ನೆಗ್ಡಿ. ಎಲ್ಡ್ಕೂ ಒಂದೇ ಕೊಡಕೆ ನಾನೇನ್ ದಡ್ಡಿನಾ?” ಎಂದ ಯಶೋದಮ್ಮ, ಹೋದ ಸಲ ಕೊಟ್ಟಿದ್ದನ್ನೇ ಹುಡುಕತೊಡಗಿದಳು.

ಅವಳ ತೊಡೆಯ ಮೇಲೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬ ಇತ್ತು. ಬಿಸ್ಕತ್ತು ಯಾವತ್ತೋ ಮುಗಿದಿತ್ತು. ಈಗ ಅದರ ತುಂಬ ಮಾತ್ರೆ. ಬೀದಿಯಲ್ಲಿ ಯಾರು ಆಸ್ಪತ್ರೆಗೆ ಹೋಗಿ ಬಂದರೂ, ಸ್ವಲ್ಪ ವಾಸಿಯಾದ ಮೇಲೆ ಉಳಿದ ಮಾತ್ರೆಗಳನ್ನು ತಂದು ಅದರಲ್ಲಿ ಹಾಕುತ್ತಿದ್ದರು, ಹುಂಡಿಗೆ ಕಾಸು ಹಾಕಿದ ಹಾಗೆ. ಕಾಯಿಲೆ ಬಿದ್ದವರು ಬಂದು ಇಸಿದುಕೊಂಡು ಹೋಗುತ್ತಿದ್ದರು. ಚಿಕ್ಕಬೋರಯ್ಯ ಒಮ್ಮೆ ತನ್ನ ಮೇಕೆಗೂ ಎರಡು ಒಯ್ದಿದ್ದ. ಮೇಕೆ ಉಗುಳಿಬಿಟ್ಟಿತು. ಆ ಬೀದಿಯಲ್ಲಿ ಮಾತ್ರೆ ಉಗುಳಿದ್ದು ಅದೊಂದೇ.

ಬೆಸಗರಹಳ್ಳಿಯ ಆ ಬೀದಿಗೆ ಯಶೋದಮ್ಮ ಎಂದರೆ ‘ಡಾಕ್ಟ್ರಮ್ಮ’. ಅವಳಿಗೆ ಓದಲು ಬರುತ್ತಿರಲಿಲ್ಲ. ಮಾತ್ರೆಗಳನ್ನು ಬಣ್ಣದಿಂದಲೇ ಗುರುತು ಹಿಡಿಯುತ್ತಿದ್ದಳು. ಅಕ್ಷರ ಓದುವ ಕೆಲಸ ಮೊಮ್ಮಗಳು ನಯನಳದ್ದು. ಎಂಟನೇ ಕ್ಲಾಸಿನ ನಯನ ಡಬ್ಬದ ಪಕ್ಕ ಕೂತು ಮಾತ್ರೆ ಶೀಟುಗಳನ್ನು ತಿರುಗಿಸಿ, ಗಂಟಲು ಸರಿಮಾಡಿಕೊಂಡು, “ಎಕ್ಸ್‌ಪೈರಿ ಡೇಟ್ ಆಗಿಲ್ಲ ಅಜ್ಜಿ” ಎನ್ನುತ್ತಿದ್ದಳು. ಜನ ಅವಳನ್ನು ‘ಕಾಂಪೌಂಡ್ರು’ ಎನ್ನುತ್ತಿದ್ದರು. ಅದು ಅವಳಿಗೆ ಇಷ್ಟವೇ ಆಗಿತ್ತು.

ಅಷ್ಟರಲ್ಲಿ ಎದುರು ಮನೆಯ ಸ್ವರೂಪ ಅಮ್ಮನ ಜೊತೆ ಬಂದ. ಅವನು ನಯನಳ ಕ್ಲಾಸೇ. ಹೋದ ವಾರ ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿ ಅಂಗಾಲು ಹರಿದುಕೊಂಡಿದ್ದ. ಮದ್ದೂರಿನ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರು.

“ಗಾಯ ಒಣ್ಗೋಯ್ತು ಡಾಕ್ಟ್ರಮ್ಮ. ನಾಕ್ ಉಳ್ದವೆ, ಸುಮ್ಕೆ ಯಾಕ್ ದಂಡ. ನಿಮ್ ಡಬ್ಬಕ್ಕೆ ಆಕ್ಕಳಿ” ಎಂದಳು ಅವನ ಅಮ್ಮ.

ಶೀಟು ಡಬ್ಬಕ್ಕೆ ಬೀಳುವ ಮೊದಲೇ ಪುಟ್ಟರಾಜುವಿನ ಕಣ್ಣು ಅದರ ಮೇಲೆ ಬಿತ್ತು.

“ಅದು ಒಸಾದು. ಅದ್ನೇ ಕೊಡತ್ತೆ.”

ನಯನ ತಿರುಗಿಸಿ ನೋಡಿದಳು. “ಡೇಟ್ ಐತೆ” ಎಂದಳು. ನಾಲ್ಕೂ ಮಾತ್ರೆ ಪುಟ್ಟರಾಜುವಿನ ಜೇಬು ಸೇರಿದವು.

ಮರುದಿನ ಮೇಧಾ ಮಿಸ್ ಈರುಳ್ಳಿ ತುಂಬುವ ಕೆಂಪು ಬಲೆ ಚೀಲ ಹಿಡಿದು ವಿಜ್ಞಾನದ ಕ್ಲಾಸಿಗೆ ಬಂದರು.

“ಮಿಸ್, ಸಂತೆಗೆ ಹೋಗಿದ್ರಾ?” ಎಂದು ಹಿಂದಿನ ಬೆಂಚಿನಿಂದ ವಂಶಿ ಕೇಳಿದ.

“ಹೂಂ, ನಿನ್ನ ಮಾರೋಕೆ. ಯಾರೂ ತಗೊಳ್ಳಲಿಲ್ಲ.”

ಮಿಸ್ ಒಂದು ಬಲೂನಿಗೆ ಹಿಡಿ ರಾಗಿ ಹಾಕಿದರು. ಕೆಂಪು ದಾರವೊಂದನ್ನು ಮುದುರಿ ತುರುಕಿದರು. ಬಲೂನು ಉಬ್ಬುವಷ್ಟು ನೀರು ತುಂಬಿ ಬಾಯಿ ಕಟ್ಟಿದರು. ಆಮೇಲೆ ಅದನ್ನು ಬಲೆ ಚೀಲದೊಳಗೆ ಇಟ್ಟು ಬಿಗಿಯಾಗಿ ಸುತ್ತಿದರು.

“ಇದು ಬ್ಯಾಕ್ಟೀರಿಯಾ. ನಿಮ್ಮ ಕಣ್ಣಿಗೆ ಕಾಣಲಿ ಅಂತ ಲಕ್ಷ ಪಟ್ಟು ದೊಡ್ಡದು ಮಾಡಿದ್ದೀನಿ. ಬಲೂನಿನ ರಬ್ಬರು ಅದರ ಪೊರೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಅಂತ ನೋಡ್ಕೊಳ್ಳೋದು ಅದೇ. ಒಳಗಿನ ನೀರು ಕೋಶದ್ರವ. ರಾಗಿ ಕಾಳು ರೈಬೋಸೋಮು, ಪ್ರೋಟೀನ್ ತಯಾರು ಮಾಡುತ್ತೆ. ಕೆಂಪು ದಾರ ಡಿಎನ್‌ಎ.”

“ದಾರಕ್ಕೆ ಮನೆ ಇಲ್ವಾ ಮಿಸ್? ನಮ್ಮ ಜೀವಕೋಶದಲ್ಲಿ ಕೋಶಕೇಂದ್ರ ಇರುತ್ತಲ್ಲ” ಎಂದಳು ನಯನ.

“ನಮ್ಮದರಲ್ಲಿ ಇರುತ್ತೆ. ಇದಕ್ಕೆ ಇಲ್ಲ. ದಾರ ಸುಮ್ಮನೆ ನಡುಮನೇಲಿ ಬಿದ್ದಿರುತ್ತೆ, ವಂಶಿಯ ಪುಸ್ತಕ ಬಿದ್ದಿರೋ ಹಾಗೆ.”

ಬಲೆಗೆ ಒಂದು ಹುರಿ ಕಟ್ಟಿ, “ಇದು ಕಶಾಂಗ, ಅಂದ್ರೆ ಬಾಲ. ಫ್ಯಾನಿನ ಹಾಗೆ ತಿರುಗಿಸ್ಕೊಂಡು ಈಜುತ್ತೆ. ಎಲ್ಲಾ ಬ್ಯಾಕ್ಟೀರಿಯಾಗೂ ಇರಲ್ಲ” ಎಂದರು. ಆಮೇಲೆ ಬಲೆಯನ್ನು ಬೆರಳಿಂದ ತಟ್ಟಿದರು.

“ಇದು ಗೋಡೆ. ಕೋಶಭಿತ್ತಿ. ಒಳಗೆ ನೀರು ಎಷ್ಟು ಒತ್ತಿದರೂ ಹಿಡಿದು ನಿಲ್ಲಿಸಿರೋದು ಇದೇ. ಬ್ಯಾಕ್ಟೀರಿಯಾ ಬೆಳೀತಾ ಬೆಳೀತಾ ಗೋಡೆ ಕಟ್ಟಿಕೊಳ್ಳುತ್ತೆ, ಆಮೇಲೆ ಎರಡಾಗಿ ಒಡೆಯುತ್ತೆ. ಕೆಲವು ಆಂಟಿಬಯಾಟಿಕ್ ಮಾತ್ರೆ ಏನು ಮಾಡುತ್ತೆ ಗೊತ್ತಾ? ಗೋಡೆ ಕಟ್ಟೋ ಗಾರೆಯವನ ಕೈ ಕಟ್ಟಿಹಾಕುತ್ತೆ. ಆಗ?”

ಮಿಸ್ ಕತ್ತರಿ ತೆಗೆದು ಬಲೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದರು. ತೂತಿನಿಂದ ಬಲೂನು ಗುಳ್ಳೆಯಂತೆ ಹೊರಗೆ ಉಬ್ಬಿತು. ಇನ್ನೊಂದು ಎಳೆ ಕತ್ತರಿಸಿದಾಗ ಉಬ್ಬಿದ ಬಲೂನಿಗೆ ಹರಿದ ಬಲೆಯ ಅಂಚು ಒತ್ತಿ ಅದು ಫಟ್ಟನೆ ಒಡೆಯಿತು. ಮುಂದಿನ ಬೆಂಚಿನಲ್ಲಿದ್ದ ಸ್ವರೂಪನ ತಲೆಗೆಲ್ಲ ನೀರು, ರಾಗಿ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

“ಮಿಸ್, ನೆಗಡಿಗೂ ಇದೇ ಮಾತ್ರೆನಾ?” ಎಂದು ನಯನ ಕೇಳಿದಳು.

“ನೆಗಡಿ ವೈರಸ್‌ನಿಂದ ಬರೋದು. ಅದಕ್ಕೆ ಗೋಡೆನೇ ಇಲ್ಲ. ಗಾರೆಯವನ ಕೈ ಕಟ್ಟೋಕೆ ಅಂತ ಮಾತ್ರೆ ಬರುತ್ತೆ, ಗಾರೆಯವನೇ ಇರಲ್ಲ. ನೆಗಡಿಗೆ ಯಾರು ಕೊಡ್ತಾರೆ ಅದನ್ನ?”

ನಯನ ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಇಡೀ ಕ್ಲಾಸು ಅವಳ ಕಡೆ ತಿರುಗಿತ್ತು.

“ಇವಳ ಅಜ್ಜಿ ಮಿಸ್. ಮೇಕೆಗೂ ಕೊಡ್ತಾರೆ” ಎಂದ ವಂಶಿ.

ಮಿಸ್ ನಗಲಿಲ್ಲ. “ಇನ್ನೊಂದು ಕೇಳಿ” ಎಂದರು. “ಮಾತ್ರೆ ನುಂಗಿದಾಗ ಮೊದಲು ಸಾಯೋದು ಬಡಕಲು ಬ್ಯಾಕ್ಟೀರಿಯಾ. ಗಟ್ಟಿ ಇರೋವು ಇನ್ನೂ ಇರ್ತವೆ. ನಮಗೆ ಮಾತ್ರ ಆರಾಮಾಯ್ತು ಅನ್ನಿಸುತ್ತೆ. ಅಲ್ಲಿಗೇ ಬಿಟ್ರೆ ಆ ಗಟ್ಟಿಯವೇ ಮತ್ತೆ ಮರಿ ಹಾಕ್ತವೆ. ಮಾತ್ರೆಯಿಂದ ತಪ್ಪಿಸಿಕೊಳ್ಳೋ ಉಪಾಯನ ಒಂದು ಚೂರು ಡಿಎನ್‌ಎಯಲ್ಲಿ ಬರೆದು ಪಕ್ಕದವಕ್ಕೂ ದಾಟಿಸ್ತವೆ. ಪರೀಕ್ಷೇಲಿ ನೀವು ಚೀಟಿ ದಾಟಿಸೋ ಹಾಗೆ.”

ನಯನಳ ಕಣ್ಣೆದುರು ತಗಡಿನ ಡಬ್ಬ ಬಂತು. ಅದರಲ್ಲಿದ್ದ ಒಂದೊಂದು ಶೀಟೂ ಯಾರೋ ಅರ್ಧಕ್ಕೆ ಬಿಟ್ಟಿದ್ದೇ. ಪೂರ್ತಿ ನುಂಗಿದ್ದರೆ ಅದು ಡಬ್ಬಕ್ಕೆ ಬರುತ್ತಲೇ ಇರಲಿಲ್ಲ.

ಮನೆಗೆ ಹೋಗುತ್ತಾ ಸ್ವರೂಪನಿಗೆ ಹೇಳಿದಳು. ಅವನು ಚಪ್ಪಲಿ ಬಿಚ್ಚಿ ಅಂಗಾಲು ತೋರಿಸಿದ.

“ಒಣ್ಗದೆ ನೋಡಮ್ಮಿ. ಮಿಸ್ ನನ್ ತಲೆ ಮೇಲೆ ರಾಗಿ ಉಯ್ದಿದ್ದೇ ಸಾಕು, ನೀನ್ ಬ್ಯಾರೆ ತಲೆ ತಿನ್ಬ್ಯಾಡ.”

ಗಾಯ ನಿಜವಾಗಿಯೂ ಒಣಗಿತ್ತು.

ಹೇಗೆ ಹೇಳುವುದೆಂದು ವಾರವಿಡೀ ಯೋಚಿಸಿ, ಆಮೇಲೆ ಅಜ್ಜಿಗೂ ಹೇಳಿದಳು. ಬಲೂನು, ಬಲೆ, ಗಾರೆಯವನು, ಎಲ್ಲ. ಯಶೋದಮ್ಮ ಅಕ್ಕಿ ಕೇರುತ್ತಾ ಕೇಳಿದಳೋ ಬಿಟ್ಟಳೋ.

“ಕಣ್ಗೆ ಕಾಣ್ದಿರದ್ಕೆ ಗೋಡೆ ಅಂತೆ, ಬಾಲ ಅಂತೆ. ನಿಮ್ ಮಿಸ್ ಗಾರೆ ಮೇಸ್ತ್ರಿ ಕೆಲ್ಸ ಮಾಡ್ತಿದ್ಲಾ ಮೊದ್ಲು? ಪುಟ್ಟರಾಜುನ್ ಕೇಳೋಗು, ನೆಗ್ಡಿ ಓಗದೆ.”

ಪುಟ್ಟರಾಜು ಆಗಲೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಾಲ್ಕು ಮಾತ್ರೆ ನುಂಗಿದ್ದಕ್ಕೆ ಒಂದೇ ವಾರದಲ್ಲಿ ನೆಗಡಿ ವಾಸಿಯಾಯಿತಂತೆ. ನುಂಗದಿದ್ದರೂ ಒಂದು ವಾರಕ್ಕೆ ವಾಸಿಯಾಗುತ್ತಿತ್ತು ಎಂದು ನಯನ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸ್ವರೂಪ ಶಾಲೆಗೆ ಬರಲಿಲ್ಲ. ನಯನ ಶಾಲೆ ಮುಗಿಸಿ ಮನೆಗೆ ಬಂದಾಗ ಅವನನ್ನು ಅಜ್ಜಿಯ ಜಗಲಿಯ ಮೇಲೆ ತಂದು ಮಲಗಿಸಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ಪಾದ ಊದಿ ಕಾಲ್ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಮೇಲೆ ಒಣಗಿದ್ದ ಗಾಯದ ಕೆಳಗೆ ಕೀವು ತುಂಬಿತ್ತು.

“ಅವತ್ ಕೊಟ್ಟಿದ್ನಲ್ಲ ಮಾತ್ರೆ, ಅದ್ನೇ ಕೊಡಿ ಡಾಕ್ಟ್ರಮ್ಮ” ಎಂದು ಅವನ ಅಮ್ಮ ಸೆರಗೊಡ್ಡಿ ನಿಂತಿದ್ದಳು.

ಯಶೋದಮ್ಮ ಡಬ್ಬದೊಳಗೆ ಕೈಯಾಡಿಸಿದಳು. ಹಲ್ಲುನೋವಿನದು ಇತ್ತು, ಕೆಮ್ಮಿನದು ಇತ್ತು, ಯಾವುದರದ್ದೆಂದು ಯಾರಿಗೂ ನೆನಪಿಲ್ಲದ್ದೂ ಇತ್ತು. ಸ್ವರೂಪನದು ಮಾತ್ರ ಇರಲಿಲ್ಲ. ಆಮೇಲೆ ಅವಳು ಬಗ್ಗಿ ಕಾಲನ್ನು ಸರಿಯಾಗಿ ನೋಡಿದಳು. ಡಬ್ಬದ ಮುಚ್ಚಳ ಹಾಕಿದಳು.

“ಆಟೋ ಕರೀರಿ” ಎಂದಳು.

ಮದ್ದೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಕಾಂತ್ ಕಾಲು ನೋಡಿದರು, ಹಳೆಯ ಚೀಟಿ ನೋಡಿದರು.

“ಕೊಟ್ಟಿದ್ದ ಮಾತ್ರೆ ಪೂರ್ತಿ ಮುಗಿಸಿದ್ರಾ?”

“ಊಂ ಸಾ, ಪೂರಾ ನುಂಗ್ಸಿವ್ನಿ” ಎಂದಳು ಸ್ವರೂಪನ ಅಮ್ಮ.

ಸ್ವರೂಪ ತಿರುಗುವ ಫ್ಯಾನು ನೋಡಿದ. ಯಶೋದಮ್ಮ ಗೋಡೆಯ ಮೇಲಿದ್ದ ಪೋಸ್ಟರನ್ನು ಓದುವವಳಂತೆ ನೋಡತೊಡಗಿದಳು, ಓದು ಬಾರದಿದ್ದರೂ.

ನಯನ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಬೇಸರವಿಲ್ಲ. ಡಾಕ್ಟರ್ ಮಾತ್ರ ಹಳೇ ಮಾತ್ರೆ ಕೆಲಸ ಮಾಡಲಿಲ್ಲ ಎಂದೇ ತಿಳಿದುಕೊಳ್ಳುತ್ತಾರೆ.

“ನಾಲ್ಕು ಉಳಿದಿತ್ತು ಡಾಕ್ಟ್ರೇ” ಎಂದಳು. “ನಮ್ಮನೆ ಡಬ್ಬಕ್ಕೆ ಕೊಟ್ಟಿದ್ರು. ಡೇಟ್ ನೋಡಿದ್ದು ನಾನೇ.”

“ಈಗ ಆ ನಾಲ್ಕು ಎಲ್ಲಿ?”

“ಪುಟ್ಟರಾಜಣ್ಣನ ಹೊಟ್ಟೇಲಿ.”

“ಅವರಿಗೇನಾಗಿತ್ತು?”

“ನೆಗಡಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಅಂದ್ರೆ ಇವನ ಕಾಲಿನ ಔಷಧಿ ಅವರ ಮೂಗಿಗೆ ಹೋಯ್ತು.” ಆಮೇಲೆ ಯಶೋದಮ್ಮನ ಕಡೆ ತಿರುಗಿದರು. “ನೀವೇನಾ ಆ ಡಬ್ಬದ ಡಾಕ್ಟರಮ್ಮ? ನಾನು ಐದೂವರೆ ವರ್ಷ ಓದಬೇಕಾಯ್ತು. ನಿಮಗೆ ಒಂದು ಡಬ್ಬ ಸಾಕಾಯ್ತು.”

ಡಾಕ್ಟ್ರಮ್ಮ ಎಂದು ಕರೆದಾಗಲೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದ ಅಜ್ಜಿ ಸೆರಗು ಎಳೆದುಕೊಂಡು ಗೋಡೆಗೆ ಸರಿದಳು.

“ಕಾಲು ಉಳಿಯುತ್ತೆ” ಎಂದರು ಡಾಕ್ಟರ್, ದನಿ ಇಳಿಸಿ. “ಇನ್ನೆರಡು ದಿನ ಬಿಟ್ಟು ಬಂದಿದ್ರೆ ಹೀಗೆ ಹೇಳ್ತಿರಲಿಲ್ಲ. ಅಡ್ಮಿಟ್ ಮಾಡಿ. ಮತ್ತೆ ಆ ಡಬ್ಬ ತಂದು ಇಲ್ಲಿ ಕೊಡಿ. ತಿಪ್ಪೆಗೆ ಸುರೀಬೇಡಿ.”

ಕೀವು ತೆಗೆಯುವಾಗ ಸ್ವರೂಪ ಕಿರುಚಿದ್ದು ಹೊರಗಿನ ಬೆಂಚಿಗೂ ಕೇಳಿಸಿತು. ನಯನ ಕಿವಿ ಮುಚ್ಚಿಕೊಂಡಳು. ಯಶೋದಮ್ಮ ಮುಚ್ಚಿಕೊಳ್ಳಲಿಲ್ಲ.

ಅಜ್ಜಿ, ಮೊಮ್ಮಗಳು ಬಸ್ಸಿನಲ್ಲಿ ವಾಪಸು ಬಂದರು. ಊರಿನಲ್ಲಿ ಇಳಿಯುವಾಗ ಅಜ್ಜಿ, “ಬಾಯ್ ಬಾಳ ಉದ್ದ ಆಗದೆ ನಿಂದು” ಎಂದಳು. ಮನೆಗೆ ಬಂದಮೇಲೆ, “ನಾನ್ ಕೊಟ್ನಾ ಆ ಪುಟ್ಟರಾಜುಗೆ? ಅವ್ನೇ ಕಿತ್ಕಂಡ” ಎಂದಳು. ಆಮೇಲೆ ಸೊಸೆಗೆ, ಮಗನಿಗೆ, ಬಾಗಿಲಲ್ಲಿ ನಿಂತಿದ್ದ ನಾಯಿಗೆ, ಎಲ್ಲರಿಗೂ ಬೈದಳು. ತಾನು ತಪ್ಪು ಮಾಡಿದೆ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ.

ಸೋಮವಾರ ನಯನಳ ಅಪ್ಪ ಆಸ್ಪತ್ರೆಗೆ ಹೊರಟಾಗ ಅಜ್ಜಿ ಡಬ್ಬ ತಂದು ಅವನ ಕೈಗಿಟ್ಟಳು. “ಇದ್ನೂ ಎತ್ಕೊಂಡೋಗು. ಡಬ್ಬ ವಾಪಸ್ ತತ್ತಾ. ಒಳ್ಳೆ ತಗ್ಡು.”

ಸ್ವರೂಪ ಮನೆಗೆ ಬಂದ. ಹೊಸ ಮಾತ್ರೆ ಕೊಟ್ಟಿದ್ದರು, ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಅವನು ಬಂದ ಮರುದಿನವೇ ಬೆಳಿಗ್ಗೆ ಯಶೋದಮ್ಮ ಎದುರು ಮನೆಗೆ ಹೊರಟಳು. ನಯನ ಹಿಂದೆಯೇ ಹೋದಳು.

ಸ್ವರೂಪನ ಅಮ್ಮ ಮುಖ ಕೊಡಲಿಲ್ಲ, ಕೂರಿ ಎನ್ನಲೂ ಇಲ್ಲ. ಯಶೋದಮ್ಮ ತಾನೇ ಹೊಸ್ತಿಲ ಪಕ್ಕ ಕೂತಳು.

“ನುಂಗ್ದೇನ್ಲಾ?”

“ಊಂ.”

“ಬಾಯ್ ತಗಿ. ನಾಲ್ಗೆ ಎತ್ತು.”

ನಾಲಿಗೆಯ ಕೆಳಗೆ ಮಾತ್ರೆ ಇತ್ತು. ಯಶೋದಮ್ಮ ನೀರಿನ ಲೋಟ ಮುಂದೆ ಹಿಡಿದಳು.

ಸಾಯಂಕಾಲ ಮತ್ತೆ ಹೋದಳು. ಮರುದಿನವೂ ಹೋದಳು. ಪುಟ್ಟರಾಜು ಬೀದಿಯಲ್ಲಿ ನಿಂತು, “ಡಾಕ್ಟ್ರಮ್ಮ ಈಗ ನರ್ಸಮ್ಮ ಆಗೋದ್ಲು” ಎಂದು ನಗಾಡಿದ. ಬೇರೆಯವರೂ ನಕ್ಕರು. ಹೋದ ವಾರದ ತನಕ ಇವರೇ ಜಗಲಿಯ ಮೇಲೆ ಸಾಲುಗಟ್ಟಿ ಕೂರುತ್ತಿದ್ದವರು. ಈಗ ಆ ಜಗಲಿಗೆ ಒಬ್ಬರೂ ಬರುತ್ತಿರಲಿಲ್ಲ. ಅಜ್ಜಿ ಅವರ ಕಡೆ ತಿರುಗಿಯೂ ನೋಡದೆ ಬೀದಿ ದಾಟುತ್ತಿದ್ದಳು. ನಯನಳಿಗೆ ಮಾತ್ರ ಕಿವಿ ಬಿಸಿಯಾಗುತ್ತಿತ್ತು.

ಕೆಲವು ದಿನಕ್ಕೆ ಊತ ಇಳಿಯಿತು, ಗಾಯ ಕೂಡಿಕೊಂಡಿತು. ಸ್ವರೂಪ ಅಂಗಳದಲ್ಲಿ ಕುಂಟಿಕೊಂಡೇ ಬಾಲ್ ಹಾಕತೊಡಗಿದ. ಶೀಟಿನಲ್ಲಿ ಇನ್ನೂ ಮಾತ್ರೆ ಇದ್ದವು.

“ಒಣ್ಗೋಯ್ತಲ್ಲ, ಇನ್ ಯಾಕೆ ಸುಮ್ಕೆ? ಮಗೀಗೆ ಬಾಯೆಲ್ಲ ಕಯ್ಯಂತೆ” ಎಂದಳು ಅವನ ಅಮ್ಮ.

“ಮೇಲ್ ಒಣ್ಗುದ್ರೆ ಒಳ್ಗಡೆದು ನಿಂಗೆ ಕಾಣ್ತದಾ?” ಎಂದಳು ಯಶೋದಮ್ಮ. “ಬಡಕ್ಲು ಸತ್ತಿರ್ತವೆ. ಗಟ್ಟಿವು ಗೋಡೆ ಕಟ್ಕಂಡ್ ಕುಂತಿರ್ತವೆ, ಯಾವಾಗ್ ಬುಡ್ತಾರೆ ಅಂತ. ಒಂದಕ್ಕೊಂದು ಚೀಟಿ ಬ್ಯಾರೆ ಕೊಟ್ಕತವೆ. ಪೂರಾ ನುಂಗ್ಸು.”

ನಯನ ಅಜ್ಜಿಯ ಮುಖ ನೋಡಿದಳು. ಅಕ್ಕಿ ಕೇರುತ್ತಿದ್ದವಳು ಒಂದು ಮಾತನ್ನೂ ಬಿಟ್ಟಿರಲಿಲ್ಲ.

ಸ್ವರೂಪನ ಅಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ತಂದು ಯಶೋದಮ್ಮನ ಪಕ್ಕ ಇಟ್ಟಳು. ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟಳು. ಅಜ್ಜಿ ಎತ್ತಿಕೊಂಡು ಕುಡಿದಳು.

ಕೊನೆಯ ಮಾತ್ರೆಯ ದಿನ ಸ್ವರೂಪ ಯಾರೂ ಕೇಳುವ ಮೊದಲೇ ಬಾಯಿ ತೆರೆದು ನಾಲಿಗೆ ಎತ್ತಿದ. ಯಶೋದಮ್ಮ ಶೀಟನ್ನು ತೆಗೆದುಕೊಂಡು, ಒಂದೊಂದು ಗುಂಡಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಎಲ್ಲವೂ ಖಾಲಿ. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು.

“ಬತ್ತೀನಿ ಕಣಮ್ಮ” ಎಂದಳು.

“ಊಂ” ಎಂದಳು ಸ್ವರೂಪನ ಅಮ್ಮ. “ಮೆಟ್ಲು ನೋಡ್ಕಂಡ್ ಇಳೀರಿ.”

ಬೀದಿಗೆ ಬಂದ ಮೇಲೆ ನಯನ, “ಅಜ್ಜಿ” ಎಂದಳು. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಕೇಳಬೇಕೆಂದು ಅವಳು ಎಷ್ಟೋ ದಿನದಿಂದ ಅಂದುಕೊಂಡಿದ್ದಳು.

“ಏನಮ್ಮಿ?”

ಅಜ್ಜಿ ಏದುಸಿರು ಬಿಡುತ್ತಾ ನಿಂತಿದ್ದಳು. ಈ ಬೀದಿಯನ್ನು ಅವಳು ದಿನಕ್ಕೆ ಎರಡು ಸಲ, ಎಲ್ಲರ ನಗುವಿನ ನಡುವೆ, ಹೀಗೇ ದಾಟಿದ್ದಳು.

“ಏನಿಲ್ಲ” ಎಂದಳು ನಯನ, ಅಜ್ಜಿಯ ಮೊಣಕೈ ಹಿಡಿದುಕೊಂಡು.