ಅಶ್ವತ್ಥಪ್ಪನವರ ಪದರಗಲ್ಲು

"ಮೇಡಂ, ಕಲ್ಲು ಕಾಣ್ತಿಲ್ಲ. ಕದ್ದೋನು ಯಾರೂಂತ ಗೊತ್ತು. ನೀವು ಊಂ ಅಂದ್ರೆ ಮದುವೆ ಮಾತು ನಿಲ್ಲಿಸ್ಬಿಡ್ತೀನಿ."

ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದ ಅಶ್ವತ್ಥಪ್ಪ ಬಂಗಾರಪೇಟೆಯವರೆಗೆ ಬಂದು ಹೇಳಿದ್ದು ಇಷ್ಟು. ರಾಧಾಮಣಿ ಮೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಸುತ್ತಲಿನವರು ಇಂಥ ತೊಡಕುಗಳನ್ನು ಅವರಲ್ಲಿಗೇ ತರುತ್ತಿದ್ದರು. ಹಳೆಯ ವಿದ್ಯಾರ್ಥಿಯಾದ ನಾನು ಜೊತೆಗಿರುತ್ತಿದ್ದೆ.

ಅಶ್ವತ್ಥಪ್ಪನವರ ಅನುಮಾನ ನಾಗೇಶನ ಮೇಲೆ. ಅವರ ಮಗಳು ಪುಷ್ಪ ಮೆಚ್ಚಿದ ಹುಡುಗ ಅವನು. ಭಾನುವಾರ ಬಂದಿದ್ದಾಗ ಕಲ್ಲನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ್ದನಂತೆ. ಆಮೇಲೆ ಅಶ್ವತ್ಥಪ್ಪ ಅತ್ತ ಗಮನಿಸಿದ್ದು ಈ ಬೆಳಗ್ಗೆಯೇ. ನಾಳೆ ನಾಗೇಶನ ಮನೆಯವರು ತಾಂಬೂಲಕ್ಕೆ ಬರಬೇಕಿತ್ತು.

"ಎಂಥ ಕಲ್ಲು?" ಎಂದರು ಮೇಡಂ.

"ಸ್ಟ್ರೊಮಟೊಲೈಟ್. ಕಡಪ ಕಡೆಯ ಸುಣ್ಣಗಲ್ಲು. ಮೀನೂ ಇಲ್ಲದ ಕಾಲದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಮುದ್ರದಲ್ಲಿ ಪದರ ಪದರವಾಗಿ ಕಟ್ಟಿದ್ದು. ಕೆಂಪು, ಬೂದು, ತಿಳಿ ಹಸಿರು, ಈರುಳ್ಳಿ ಕೊಯ್ದಂಗೆ. ಗಣಿ ಮುಚ್ಚಿದಾಗ ನನ್ನ ಜೊತೆ ಕೆಲ್ಸ ಮಾಡ್ತಿದ್ದ ಆಂಜಿನಪ್ಪ ಕೊಟ್ಟಿದ್ದ. ಈಗ ಅವನಿಲ್ಲ."

ನಾವು ಅವರ ಜೊತೆ ಹೋದಾಗ, ಗಣಿಯೂರು ಉರಿಗಾಂನ ಅವರ ಮನೆಯ ಗೋಡೆಗೂಡಿನಲ್ಲಿ ಬರೀ ಮರದ ಪೀಠವಿತ್ತು. ಅದು ನೀರು ಕುಡಿದು ಉಬ್ಬಿತ್ತು. ಅಕ್ಕಪಕ್ಕದ ಹಿತ್ತಾಳೆ ದೀಪಗಳು ಫಳಫಳ ಹೊಳೆಯುತ್ತಿದ್ದವು. ಮೇಡಂ ಪೀಠದ ಸಂದಿನಿಂದ ಕಂದು ನಾರೊಂದನ್ನು ಎತ್ತಿ ಮೂಸಿದರು.

ನಾನು ನೋಡುತ್ತಿದ್ದುದು ಅಶ್ವತ್ಥಪ್ಪನವರ ತಾಯಿ ಚಿಕ್ಕವೆಂಕಟಮ್ಮನವರನ್ನು. ಹಿಂದೊಮ್ಮೆ ಒಂದು ಲೋಟ ಕಾಫಿಗೆ ಮೂರು ಕತೆ ಹೇಳಿದ್ದವರು, ಈಗ ಗೂಡಿಗೆ ಬೆನ್ನು ಮಾಡಿ ಕೂತಿದ್ದರು. "ಅಜ್ಜಿ ಮಾತಾಡ್ತಿಲ್ಲ," ಎಂದೆ ಮೆಲ್ಲಗೆ. ಮೇಡಂ ತಲೆಯಾಡಿಸಿ, ನಾಗೇಶನನ್ನು ಕರೆಸಲು ಹೇಳಿದರು.

ಸಂಜೆ ಎಲ್ಲರೂ ಹಜಾರದಲ್ಲಿ ಸೇರಿದರು.

"ಅಶ್ವತ್ಥಪ್ಪನೋರು ನಾಗೇಶನ ಮೇಲೆ ಅನುಮಾನ ಪಟ್ಟಿದ್ದಾರೆ. ಆದರೆ ಕಳ್ಳ ಕಲ್ಲು ತೊಳೆದು ವಾಪಸ್ ಇಡಲ್ಲ," ಎಂದರು ಮೇಡಂ. "ಪೀಠ ಉಬ್ಬಿದೆ, ಅಂದ್ರೆ ಒದ್ದೆ ಕಲ್ಲು ಮತ್ತೆ ಅದರ ಮೇಲೆ ಕೂತಿತ್ತು. ಸಂದಿನಲ್ಲಿ ಸಿಕ್ಕಿದ್ದು ಹುಣಸೆ ನಾರು. ಪುಷ್ಪ, ದೀಪ ತಿಕ್ಕಿ ಬೆಳಗಿದ್ದು ಯಾವತ್ತು?"

"ನಿನ್ನೆ, ಗುರುವಾರ."

"ದೀಪದ ಜೊತೆ ಕಲ್ಲನ್ನೂ ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಹುಳಿಗೆ ಹಿತ್ತಾಳೆ ಹೊಳೆಯುತ್ತೆ, ಸುಣ್ಣಗಲ್ಲಿನ ಹೊಳಪು ಹೋಗುತ್ತೆ. ಒಣಗಿದ ಮೇಲೆ ಮಂಕಾಯ್ತು. ಹೆದರಿ ಬಚ್ಚಿಟ್ಟರು. ಭಾನುವಾರ ಬಂದು ಹೋದ ನಾಗೇಶನಿಗೂ ಇದಕ್ಕೂ ಸಂಬಂಧವೇ ಇಲ್ಲ."

ಅಜ್ಜಿ ಎದ್ದು ನಿಂತರು. "ಲೇ ಅಶ್ವತ್ಥ, ಆ ಉಡುಗನ ಮೇಲ್ ಆಕ್ದೇನ್ಲಾ? ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಒಳಗೆ ಹೋಗಿ ರಾಗಿ ಡಬ್ಬಕ್ಕೆ ಮೊಳಕೈವರೆಗೂ ಕೈ ಇಳಿಸಿ, ಹಳೆ ಸೀರೆ ಸುತ್ತಿದ ಕಲ್ಲನ್ನು ತಂದಿಟ್ಟರು. ಅದು ಬೂದಿ ಬಳಿದಂತಿತ್ತು.

"ಬೀಗ್ರು ಬತ್ತಾರಲ್ಲ, ಚೆಂದಾಗಿರ್ಲಿ ಅಂತ ತಿಕ್ಕಿದೆ. ಆಂಜಿನಪ್ಪನ ಗುರುತು ಅಂತ ಮಡಿಕ್ಕಂಡಿದ್ದೆ ನೀನು. ಯಾವ್ ಮುಖ ಒತ್ಕಂಡು ಯೋಳ್ಲಿ?"

ಅಶ್ವತ್ಥಪ್ಪ ಕಲ್ಲನ್ನು ಸವರಿದರು. ನಾಗೇಶ ತನ್ನ ಮುಂದಿದ್ದ ಲೋಟದ ನೀರನ್ನು ಮೆಲ್ಲಗೆ ಅದರ ಮೇಲೆ ಹೊಯ್ದ. ಕೆಂಪು ಎದ್ದಿತು, ಅದರ ಕೆಳಗೆ ಹಸಿರು.

"ಒಣಗಿದ್ರೆ ಮತ್ತೆ ಓಗುತ್ತೆ," ಎಂದರು ಅಶ್ವತ್ಥಪ್ಪ.

"ಮತ್ತೆ ಉಯ್ಯೋಣ ಬಿಡಿ, ಮಾವ."

ಅಶ್ವತ್ಥಪ್ಪ ಅವನನ್ನೇ ನೋಡಿದರು. ಆಮೇಲೆ ಕೈ ಚಾಚಿದರು. "ತಪ್ಪು ತಿಳ್ಕಂಡೆ ಕಣಪ್ಪ. ಆ ಲೋಟ ಇತ್ಲಾಗ್ ಕೊಡು."

"ಮಾವ ಅಂದಾಯ್ತಲ್ಲ, ಇನ್ಯಾವ ತಾಂಬೂಲ," ಎಂದು ಅಜ್ಜಿ ಶುರುವಿಟ್ಟುಕೊಂಡರು. ನಮ್ಮ ಬಸ್ಸು ತಪ್ಪಿ ಹೋಗುವವರೆಗೂ ಅವರು ಮಾತು ನಿಲ್ಲಿಸಲಿಲ್ಲ.