ಚಿರತೆಯನ್ನು ಒದ್ದ ಕರು

“ನಮ್ಮ ಕರು ಒಂದೇ ಒಂದು ಒದೆ ಕೊಡ್ತು ನೋಡ್ರೋ, ಚಿರತೆ ಹಾರ್ಕೊಂಡು ಹೋಗಿ ಆವಣಿ ಬೆಟ್ಟದ ಆಚೆ ಬಿತ್ತು!”

ಸ್ಕೂಲಿನ ಹುಣಸೆಮರದ ಕೆಳಗೆ ನಿಂತು ಚಿಕ್ಕಗಂಗಿ ಕಾಲು ಝಾಡಿಸಿ ತೋರಿಸಿದಳು. ಝಾಡಿಸಿದ ರಭಸಕ್ಕೆ ಕಂಕುಳಲ್ಲಿದ್ದ ಸ್ಲೇಟು ಜಾರಿ ಕೆಳಗೆ ಬಿತ್ತು.

“ಚಿರತೆ ಸತ್ತೋಯ್ತಾ?” ಎಂದ ಕದಿರೇಶ.

“ಇಲ್ಲ. ಕುಂಟ್ಕೊಂಡು ವಾಪಸ್ ಬಂದು ನಮ್ಮಪ್ಪನ ಹತ್ರ ಮಾಫಿ ಕೇಳ್ತು.”

“ಯಾವ ಭಾಷೇಲಿ?”

“ತೆಲುಗಲ್ಲಿ ಕಣೋ. ಗಡಿ ಕಡೆ ಚಿರತೆ ಅಲ್ವಾ!”

ಇಂಥ ಮಾತನ್ನು ಯಾರು ನಂಬುತ್ತಾರೆ ಎಂದು ಮೂಗು ಮುರಿಯಬೇಡಿ. ದೇವರಾಯಸಮುದ್ರದಲ್ಲಿ ಎಲ್ಲವೂ ದೊಡ್ಡದೇ. ಆ ವರ್ಷ ಅಲ್ಲಿನ ಕೆರೆ ಕೋಡಿ ಬಿದ್ದದ್ದು ಮಳೆಯಿಂದಲ್ಲ, ಚಿಕ್ಕಗಂಗಿಯ ಮನೆಯ ಹಸು ಒಂಟಿಕೊಂಬಿ ಕರೆದ ಹಾಲಿನಿಂದ. ಕೆರೆಯ ಮೀನುಗಳೆಲ್ಲ ಬೆಣ್ಣೆ ತಿಂದು ತಿಂದು ಈಜಲಾರದೆ ದಡದಲ್ಲಿ ಕೂತು ಏದುಸಿರು ಬಿಡುತ್ತಿದ್ದವು. ಬೇಕಾದರೆ ಯಾರನ್ನಾದರೂ ಕೇಳಿ.

ಮರದ ಕೆಳಗಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವಳು ಶಾಮಲ ಒಬ್ಬಳೇ.

“ನಿಜವಾಗ್ಲೂ ಒದೆಯುತ್ತಾ ಗಂಗೀ?”

“ಒದೆಯೋದೇನು, ಕಚ್ಚುತ್ತೆ! ಮೊನ್ನೆ ನಮ್ಮಪ್ಪನ ಪಂಚೆ ತಿಂದ್ಹಾಕ್ತು. ಅರ್ಧ ಪಂಚೆ! ನಮ್ಮಪ್ಪ ಇನ್ನರ್ಧ ಸುತ್ಕೊಂಡು ಬಾವಿ ಹತ್ರ ಹೋಗಿದ್ದು ಊರೆಲ್ಲಾ ನೋಡಿದೆ.”

ಶಾಮಲಳ ಮುಖ ಸಣ್ಣಗಾಯಿತು. ಯಾಕೆಂದರೆ ಬರುವ ಹುಣ್ಣಿಮೆಗೆ ಆ ಕರು ಅವಳ ಮನೆಗೇ ಬರುವುದಿತ್ತು.

ಮೈಸೂರು ಮಹಾರಾಜರ ಆಳ್ವಿಕೆಯ ದಿನಗಳವು. ದೇವರಾಯಸಮುದ್ರದ ಕೆರೆ ಏರಿಯ ಕೆಳಗೆ ಇದ್ದವು ಹತ್ತಾರು ಗುಡಿಸಲು. ಆ ಕೇರಿಯವರೆಲ್ಲ ಬುದ್ಧನನ್ನು ನಂಬಿದವರು. ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ದೊಡ್ಡಮುನಿಯಪ್ಪ ತಾತ ಅಲ್ಲಿಂದ ಬುದ್ಧನ ಒಂದು ಪಟ ತಂದು ಹೆಂಚಿನ ಚಾವಡಿಯಲ್ಲಿ ತೂಗುಹಾಕಿದ್ದರು. ಹುಣ್ಣಿಮೆಗೊಮ್ಮೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಅಲ್ಲಿ ಸೇರುತ್ತಿದ್ದರು.

ಪಟದ ಜೊತೆ ತಾತ ಒಂದು ಪದ್ಧತಿಯನ್ನೂ ತಂದಿದ್ದರು. ಒಂದು ಸಲ ಗಣಿಯ ಬೌದ್ಧರೆಲ್ಲ ಸೇರಿ, ಕಸಾಯಿಖಾನೆಗೆ ಹೊರಟಿದ್ದ ಒಂದು ಹಸುವನ್ನು ಬಿಡಿಸಿಕೊಂಡು ಬಂದು ನಂಗಲಿಯ ಒಬ್ಬ ಬಡ ರೈತನಿಗೆ ದಾನ ಕೊಟ್ಟರಂತೆ. ಕೊಡುವಾಗ ಒಂದೇ ಮಾತು ಹೇಳಿದರಂತೆ: “ಹಾಲು ನಿಮ್ದು, ಗೊಬ್ಬರ ನಿಮ್ದು. ಆದ್ರೆ ಮೊದಲನೇ ಹೆಣ್ಣುಗರು ಹುಲ್ಲು ಮೇಯೋದು ಕಲಿತ ಮೇಲೆ, ಹಸು ಇಲ್ಲದ ಇನ್ನೊಂದು ಮನೆಗೆ ಕೊಡಬೇಕು.”

ನಂಗಲಿಯ ಆ ಹಸುವಿನ ಮೊದಲ ಹೆಣ್ಣುಗರುವೇ ಒಂಟಿಕೊಂಬಿ. ಚಿಕ್ಕಗಂಗಿ ತೀರ ಚಿಕ್ಕವಳಾಗಿದ್ದಾಗ ಅದು ಅವಳ ಮನೆಗೆ ಬಂತು. ಅದನ್ನು ಕರೆತರಲು ಅಪ್ಪನ ಜೊತೆ ಅವಳೂ ನಂಗಲಿಗೆ ಹೋಗಿದ್ದಳು. ಆ ಮನೆಯ ಹುಡುಗಿ ಊರಾಚೆಯ ತನಕ ಗಾಡಿಯ ಪಕ್ಕದಲ್ಲೇ ನಡೆದುಕೊಂಡು ಬಂದಿದ್ದಳು.

“ಕತ್ತಿನ ಕೆಳಗೆ ಕೆರೀಬೇಕು. ‘ರಾವೇ ತಲ್ಲೀ’, ಅಂದ್ರೆ ‘ಬಾರೇ ತಾಯಿ’ ಅಂತ ತೆಲುಗಲ್ಲೇ ಕರೀಬೇಕು, ಕನ್ನಡದಲ್ಲಿ ಕರೆದ್ರೆ ಬರಲ್ಲ,” ಎಂದಿದ್ದಳು. ಆಮೇಲೆ ಮುರಿದ ಕೊಂಬು ತೋರಿಸಿ, “ಹುಲಿ ಜೊತೆ ಗುದ್ದಾಡಿ ಮುರ್ಕೊಂಡಿದ್ದು. ಮನುಷ್ಯರನ್ನೂ ತಿವಿಯುತ್ತೆ. ನಿಮಗೆ ಬೇಕಾ ಇದು?” ಎಂದು ಕೇಳಿದ್ದಳು. ಕೇಳಿ ಕಣ್ಣುಜ್ಜಿಕೊಂಡಿದ್ದಳು. ಕಣ್ಣಿಗೆ ಧೂಳು ಬಿದ್ದಿದೆ ಎಂದಿದ್ದಳು.

ಹುಲಿ! ಸ್ಕೂಲಿಗೆ ಸೇರಿದ ಮೇಲೆ ಚಿಕ್ಕಗಂಗಿ ಆ ಹುಲಿಯ ಕತೆಯನ್ನು ಅಲ್ಲಿ ಹೇಳದ ದಿನವಿಲ್ಲ. ಮೊದಲು ಒಂದು ಹುಲಿಯಿತ್ತು. ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಅವು ಏಳಾಗಿದ್ದವು.

ಈಗ ಒಂಟಿಕೊಂಬಿಗೂ ಹೆಣ್ಣುಗರು ಹುಟ್ಟಿತ್ತು. ಹಣೆಯ ಮೇಲೆ ಅರಳಿ ಎಲೆಯಂಥ ಬಿಳಿ ಮಚ್ಚೆ. ಅದಕ್ಕೇ ಹೆಸರು ಅರಳಿ. ಅರಳಿ ಚಿಕ್ಕಗಂಗಿಯ ಹಿಂದೆ ನೀರಿಗೆ ಬರುತ್ತಿತ್ತು, ಹೊಲಕ್ಕೆ ಬರುತ್ತಿತ್ತು. ಒಂದು ಸಲ ಸ್ಕೂಲಿಗೂ ಬಂದು ಮೇಷ್ಟ್ರ ಮುಂದೆ ನಿಂತು ‘ಅಂಬಾ’ ಎಂದು ಹಾಜರಿ ಹೇಳಿತ್ತು.

“ಅರಳೀನ ಕೊಡಲೇಬೇಕಾ ಅಪ್ಪಾ?” ಎಂದು ಅವಳು ಕೇಳಿದ್ದಳು.

“ಈಸ್ಕೊಳ್ಳೋವಾಗ ಕೈ ಚಾಚಿದ್ವಿ. ಕೊಡೋವಾಗ ಮುಷ್ಟಿ ಹಿಡಿಯೋದಾ?” ಎಂದಿದ್ದ ಅಪ್ಪ ಆಂಜಿನಪ್ಪ.

ಅಪ್ಪನ ಹತ್ತಿರ ಬೇಳೆ ಬೇಯುವಂತಿರಲಿಲ್ಲ. ಆದರೆ ತಾತ ಯಾವಾಗಲೂ ಹೇಳುತ್ತಿದ್ದ ಇನ್ನೊಂದು ಮಾತು ಅವಳ ಕಿವಿಯಲ್ಲಿತ್ತು: “ತಗೊಳ್ಳೋರು ಸಂತೋಷದಿಂದ ತಗೋಬೇಕು. ಬೇಡ ಅಂದ್ರೆ ಬಲವಂತ ಇಲ್ಲ.”

ಶಾಮಲ ಬೇಡ ಎಂದರೆ ಆಯಿತಲ್ಲ! ಅಂದಿನಿಂದಲೇ ಅರಳಿ ಚಿರತೆಗಳನ್ನು ಒದೆಯಲು ಶುರು ಮಾಡಿದ್ದು.

ವೈಶಾಖದ ಹುಣ್ಣಿಮೆ ಬಂತು. ಚಾವಡಿಯ ತುಂಬ ಬಿಳಿ ಬಟ್ಟೆ, ಮಲ್ಲಿಗೆಯ ವಾಸನೆ. ಹೊರಗೆ ಚಪ್ಪರದ ಕಂಬಕ್ಕೆ ಕಟ್ಟಿದ್ದ ಅರಳಿ ಚಪ್ಪರದ ಮಾವಿನ ಎಲೆಗಳನ್ನು ಒಂದೊಂದಾಗಿ ಮುಗಿಸುತ್ತಿತ್ತು.

ದೊಡ್ಡಮುನಿಯಪ್ಪ ತಾತ ಐದು ಶೀಲಗಳನ್ನು ಹೇಳಿಕೊಟ್ಟರು. ಒಂದೊಂದೇ ಸಾಲನ್ನು ಎಲ್ಲರೂ ಒಟ್ಟಿಗೆ ಹೇಳಿದರು. ನಾಲ್ಕನೆಯ ಸಾಲು ‘ಸುಳ್ಳು ಹೇಳುವುದಿಲ್ಲ’. ಅಲ್ಲಿಗೆ ಬಂದಾಗ ಚಿಕ್ಕಗಂಗಿಗೆ ಜೋರಾಗಿ ಕೆಮ್ಮು ಬಂತು. ಐದನೆಯ ಸಾಲಿಗೆ ಸರಿಹೋಯಿತು.

“ಪ್ರತಿ ಹುಣ್ಣಿಮೇಲೂ ನಾಲ್ಕನೇದಕ್ಕೇ ಬರುತ್ತಲ್ಲಮ್ಮ ಈ ಕೆಮ್ಮು?” ತಾತ ಕನ್ನಡಕದ ಮೇಲಿಂದ ನೋಡಿದರು. “ಮುನಿಯಲ್ಲಮ್ಮಾ, ಮಗಳಿಗೆ ಶುಂಠಿ ಕಷಾಯ ಕೊಡು.”

“ಕೊಟ್ಟಿದ್ದೀನಿ ಸ್ವಾಮಿ. ಇದು ಶುಂಠಿಗೆ ಬಗ್ಗೋ ಕೆಮ್ಮಲ್ಲ,” ಎಂದಳು ಅಮ್ಮ.

ಎಲ್ಲರೂ ಹೊರಗೆ ಬಂದರು. ಶಾಮಲಳ ಅಮ್ಮ ಅನಸೂಯಮ್ಮ ಮುಂದೆ ಬಂದು ನಿಂತಳು. ಅವಳಿಗಿದ್ದದ್ದು ಒಂದು ತುಂಡು ರಾಗಿ ಹೊಲ. ಗೊಬ್ಬರವಿಲ್ಲದೆ ಅಲ್ಲಿ ತೆನೆಗಿಂತ ಕಲ್ಲೇ ಹೆಚ್ಚು ಬೆಳೆಯುತ್ತಿತ್ತು. ಅವಳ ಕೈಯಲ್ಲಿ ಕತ್ತಾಳೆ ನಾರಿನಿಂದ ತಾನೇ ಹೊಸೆದ ಹೊಸ ಹಗ್ಗವಿತ್ತು. ಶಾಮಲಳ ಪುಟ್ಟ ತಮ್ಮ ಎರಡು ಕೈಯಲ್ಲೂ ಒಂದು ಖಾಲಿ ಚೊಂಬು ಹಿಡಿದಿದ್ದ.

“ಅದ್ಯಾಕೋ ಚೊಂಬು?” ಎಂದ ಕದಿರೇಶ.

“ಹಾಲಿಗೆ.”

“ಲೇ, ಅದಿನ್ನೂ ಕರು ಕಣೋ!”

ಹುಡುಗ ಚೊಂಬಿನ ಒಳಗೆ ನೋಡಿದ. “ಕಾಯ್ತೀನಿ,” ಎಂದ.

ಅನಸೂಯಮ್ಮ ಹಗ್ಗ ಹಿಡಿದು ಕೈ ಚಾಚಿದಳು. ಅಷ್ಟರಲ್ಲಿ ಶಾಮಲ ಅವಳ ಸೆರಗು ಜಗ್ಗಿದಳು.

“ಬೇಡಮ್ಮಾ! ಅದು ಒದೆಯುತ್ತಂತೆ, ಕಚ್ಚುತ್ತಂತೆ. ಪಾಪು ಹತ್ರ ಹೋದ್ರೆ?”

ಅನಸೂಯಮ್ಮನ ಕೈ ಅಲ್ಲೇ ನಿಂತಿತು. ಅವಳು ಕರುವನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಹಗ್ಗವನ್ನು ಮೆಲ್ಲಗೆ ಸುತ್ತತೊಡಗಿದಳು.

“ನಾನು ದಿನಾ ಕೂಲಿಗೆ ಹೋಗೋಳು ಸ್ವಾಮೀ. ಮನೇಲಿ ಇವೆರಡೇ ಇರ್ತವೆ. ನಮ್ಗೆ… ಬೇಡ ಬಿಡಿ.”

ಗೆದ್ದೆ! ಚಿಕ್ಕಗಂಗಿ ಕುಣಿಯಬೇಕಿತ್ತು. ಕಾಲು ಏಳಲಿಲ್ಲ. ಶಾಮಲಳ ಬೆನ್ನ ಹಿಂದೆ ಏನೋ ನೀಲಿಯಾಗಿ ಕಂಡಿತು. ಹಳೆಯ ಸೀರೆಯ ಅಂಚನ್ನು ಹೆಣೆದು ಮಾಡಿದ ಕೊರಳಪಟ್ಟಿ. ಶಾಮಲ ಅದನ್ನು ಯಾರಿಗೂ ಕಾಣದ ಹಾಗೆ ಮುಷ್ಟಿಯಲ್ಲಿ ಅಡಗಿಸುತ್ತಿದ್ದಳು. ಇಷ್ಟು ಹೆದರಿದವಳು ಇದನ್ನು ಯಾವಾಗ ಹೆಣೆದಳು?

ಆಗ ಕೋಳಿ ಬಂತು.

ಬಡಕಲು ಹೇಂಟೆ, ಹಿಂದೆ ನಾಲ್ಕು ಮರಿ. ಮಾವಿನ ಎಲೆಯ ಕೆಳಗೆ ಏನನ್ನೋ ಹುಡುಕುತ್ತಾ ಅರಳಿಯ ಮೂತಿಯ ಹತ್ತಿರ ಬಂದು ‘ಕೊಕ್’ ಎಂದಿತು. ಅಷ್ಟೇ! ಚಿರತೆಯನ್ನು ಆವಣಿ ಬೆಟ್ಟದಾಚೆ ಎಸೆದ ಮಹಾಶೂರ ಕರು ನಾಲ್ಕು ಕಾಲಲ್ಲೂ ನೆಗೆದು, ಹಗ್ಗ ಕಿತ್ತುಕೊಂಡು ಓಡಿ ಬಂದು ಚಿಕ್ಕಗಂಗಿಯ ಲಂಗದೊಳಗೆ ತಲೆ ತೂರಿಸಿ ನಿಂತಿತು. ಹೊರಗೆ ಉಳಿದಿದ್ದ ಬಾಲ ಗಡಗಡ ನಡುಗುತ್ತಿತ್ತು.

ಕೇರಿಯೆಲ್ಲ ಗೊಳ್ಳೆಂದಿತು. ಕದಿರೇಶ ಹೊಟ್ಟೆ ಹಿಡಿದುಕೊಂಡ. “ಲೇ ಗಂಗೀ, ಚಿರತೇನ ಒದ್ದಿದ್ದು ಇದೇನಾ? ಕೋಳಿ ಹತ್ರಾನೂ ಮಾಫಿ ಕೇಳ್ಸು!”

ತಾತ ಮಾತ್ರ ನಗಲಿಲ್ಲ. “ಏನಮ್ಮಾ ಚಿಕ್ಕಗಂಗಾ?” ಎಂದರು.

ಚಿಕ್ಕಗಂಗಿ ಕೆಮ್ಮಲು ನೋಡಿದಳು. ಬರಲಿಲ್ಲ.

“ಒದೆಯಲ್ಲ ತಾತ. ಕಚ್ಚಲ್ಲ. ಚಿರತೆ ನಮ್ಮೂರಿಗೆ ಬಂದೇ ಇಲ್ಲ. ಶಾಮಲ ಹೆದರ್ಕೊಂಡು ಬೇಡ ಅನ್ಲಿ ಅಂತ ನಾನೇ ಹೇಳ್ದೆ.” ಒಂದು ಸಲ ಶುರುವಾದ ಮೇಲೆ ನಿಜವೂ ಸುಳ್ಳಿನಷ್ಟೇ ಜೋರಾಗಿ ಬರತೊಡಗಿತು. “ಇದು ಕೋಳಿಗೆ ಹೆದರುತ್ತೆ, ಗುಡುಗಿಗೆ ಹೆದರುತ್ತೆ, ಅದರ ಬಾಲ ಅದಕ್ಕೇ ಕಂಡ್ರೂ ಹೆದರುತ್ತೆ. ಒಂದೇ ಒಂದು ಪಂಚೆ ಮಾತ್ರ ತಿಂದಿದ್ದು.”

ಆಂಜಿನಪ್ಪ ತಲೆ ತಗ್ಗಿಸಿ ನಿಂತಿದ್ದ.

“ಹಾಗಾದ್ರೆ ಈಗ ಸಂತೋಷದಿಂದ ಕೊಡ್ತೀಯಾ?” ತಾತ ಕೇಳಿದರು.

ಹೂಂ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು.

“ಸಂತೋಷ ಇಲ್ಲ ತಾತ. ಅಳು ಬರ್ತಿದೆ,” ಎಂದಳು ಚಿಕ್ಕಗಂಗಿ. “ಆದ್ರೂ ಕೊಡ್ತೀನಿ.”

ತಾತ ಕನ್ನಡಕ ತೆಗೆದು ಬಿಳಿ ಶಲ್ಯದಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. “ಅಷ್ಟು ಸಾಕು ಕಣಮ್ಮ,” ಎಂದರು.

ಶಾಮಲ ಒಂದೊಂದೇ ಹೆಜ್ಜೆ ಇಡುತ್ತಾ ಹತ್ತಿರ ಬಂದಳು. “ಕೋಳಿ ಬಂದ್ರೆ ನಾನೇನ್ ಮಾಡ್ಲಿ?”

“ಕೋಳೀಗೂ ಇದಕ್ಕೂ ಮಧ್ಯ ನಿಂತ್ಕೋ. ಕತ್ತಿನ ಕೆಳಗೆ ಕೆರಿ. ಇಲ್ಲಿ. ಆಮೇಲೆ ‘ರಾವೇ ತಲ್ಲೀ’ ಅನ್ನು. ತೆಲುಗಲ್ಲೇ ಅನ್ಬೇಕು.”

“ರಾವೇ ತಲ್ಲೀ,” ಎಂದಳು ಶಾಮಲ ಪಿಸುದನಿಯಲ್ಲಿ. ಅರಳಿ ಲಂಗದಿಂದ ತಲೆ ಹೊರಗೆ ತೆಗೆದು ಅವಳ ಮೊಣಕೈ ನೆಕ್ಕಿತು. ಅವಳು ನೀಲಿ ಪಟ್ಟಿಯನ್ನು ಅದರ ಕೊರಳಿಗೆ ಕಟ್ಟಿದಳು. ಅನಸೂಯಮ್ಮ ಸುತ್ತಿಟ್ಟಿದ್ದ ಹೊಸ ಹಗ್ಗ ಬಿಚ್ಚಿ, “ಸಂತೋಷದಿಂದ ತಗೊಂಡೆ,” ಎಂದಳು.

“ಇದು ಹಾಲು ಕೊಡೋವರ್ಗೂ ಮಜ್ಜಿಗೆ ನಮ್ಮನೇದು,” ಎಂದು ಮುನಿಯಲ್ಲಮ್ಮ ಪುಟ್ಟನ ಚೊಂಬು ಈಸಿಕೊಂಡು ಮನೆಯ ಕಡೆ ಹೊರಟಳು.

ಜನ ಚದುರಿದರು. ಚಿಕ್ಕಗಂಗಿ ತಾತನ ಹತ್ತಿರ ಹೋದಳು.

“ತಾತ, ನಮ್ಮ ಒಂಟಿಕೊಂಬಿ ಕೊಂಬು ಮುರ್ಕೊಂಡಿದ್ದು ಹುಲಿ ಜೊತೆ ಗುದ್ದಾಡಿ ತಾನೇ?”

“ಹುಲೀನಾ? ನಂಗಲೀಲಿ ಹುಲಿ ಎಲ್ಲಿಂದ ಬಂತಮ್ಮ! ನೀರು ಕುಡಿಯೋಕೆ ಹೋಗಿ ಕಲ್ಲು ಬಾನಿಗೆ ಬಡ್ಕೊಂಡು ಮುರೀತು. ನಾನೇ ಅರಿಶಿನ ಹಚ್ಚಿದ್ದು. ಹುಲಿ ಅಂತ ಯಾರಂದ್ರು?”

ಚಿಕ್ಕಗಂಗಿಗೆ ಗಾಡಿಯ ಪಕ್ಕದಲ್ಲೇ ನಡೆದು ಬಂದ ನಂಗಲಿಯ ಹುಡುಗಿ ನೆನಪಾದಳು. ಅವಳ ಕಣ್ಣಿಗೆ ಬಿದ್ದ ಧೂಳು ನೆನಪಾಯಿತು. ಅಂದು ಮಳೆ ಬಂದು ನಿಂತಿತ್ತು. ರಸ್ತೆಯೆಲ್ಲ ಒದ್ದೆಯಾಗಿತ್ತು.

ದೂರದಲ್ಲಿ ಕೆರೆ ಏರಿಯ ಮೇಲೆ ಅರಳಿ ಹೋಗುತ್ತಿತ್ತು. ಅದಕ್ಕೂ ಯಾರದೋ ಮನೆಯ ಕೋಳಿಗೂ ನಡುವೆ ಶಾಮಲ ಕೈ ಅಗಲಿಸಿಕೊಂಡು ನಡೆಯುತ್ತಿದ್ದಳು. ಚಿಕ್ಕಗಂಗಿ ಲಂಗ ಎತ್ತಿ ಹಿಡಿದು ಆ ಕಡೆಗೇ ಓಡಿದಳು. ಗುಡುಗಿನ ವಿಷಯ ಪೂರ್ತಿ ಹೇಳುವುದು ಬಾಕಿಯಿತ್ತು.

ಏನು? ಕೆರೆಯ ಕತೆ ಏನಾಯಿತು ಅಂತೀರಾ? ಬೆಣ್ಣೆ ತಿಂದ ಮೀನು ಎಲ್ಲಿ ಅಂತೀರಾ? ಇಷ್ಟೆಲ್ಲ ಆದ ಮೇಲೆ ಕತೆ ಹೇಳುವ ನಾನೂ ಕೆಮ್ಮಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ವರ್ಷ ಕೆರೆ ಕೋಡಿ ಬಿದ್ದದ್ದು ಮಳೆಗೇ. ಒಂಟಿಕೊಂಬಿ ಹೊತ್ತಿಗೆ ಒಂದು ಚೊಂಬು ಹಾಲು ಕೊಡುತ್ತಿತ್ತು. ತುಂಬಿದ ಚೊಂಬೂ ಅಲ್ಲ, ಕಂಠಕ್ಕೆ ಎರಡು ಬೆರಳು ಕಡಿಮೆ.

ಪಂಚೆ ತಿಂದದ್ದು ಮಾತ್ರ ನಿಜ.