ಕೊಡವಬಾರದ ಧೂಳು

ಹೇಳುವುದಾದರೆ ಎಲ್ಲಿಂದ ಶುರು ಮಾಡುವುದು? 'ಅಮ್ಮ, ಬಾಯ್ಲರ್ ಕೋಣೆಯ ಪೈಪುಗಳಿಗೆ ಸುತ್ತಿರುವುದು ಆಸ್ಬೆಸ್ಟಾಸ್, ಪರೀಕ್ಷೆಯ ವರದಿ ಬಂದಿದೆ, ಇವತ್ತು ಒಡೆಯುವ ಹಾಗಿಲ್ಲ.' ಇಷ್ಟೇ ಮಾತು. ಆದರೆ ಅಮ್ಮ ಅಷ್ಟಕ್ಕೆ ಬಿಡುವವಳಲ್ಲ. ಯಾಕೆ ಎನ್ನುತ್ತಾಳೆ. ಆ ಧೂಳು ಎದೆಗೆ ಇಳಿದರೆ ವರ್ಷಗಟ್ಟಲೆ ಅಲ್ಲೇ ಕೂತು ಉಸಿರು ಕಟ್ಟಿಸುತ್ತದೆ ಎಂದರೆ, ನಲವತ್ತು ವರ್ಷದಿಂದ ಒಡೆಯುತ್ತಿದ್ದೇನೆ, ಯಾರಿಗೆ ಏನಾಗಿದೆ ತೋರಿಸು ಎನ್ನುತ್ತಾಳೆ. ಆಗ... ಆಗ ಮಗನ ಬಳಿ ಇರುವ ಉತ್ತರ ಒಂದೇ. ಅದನ್ನು ಅವನು ಆರು ವರ್ಷಗಳಿಂದ ಗಂಟಲಲ್ಲೇ ಇಟ್ಟುಕೊಂಡು ಬಂದಿದ್ದ.

ಎದುರಿಗೆ ಅಮ್ಮ ಕುರ್ಚಿಯಲ್ಲಿ ಕೂತು ಸುತ್ತಿಗೆಯ ಹಿಡಿಗೆ ಎಣ್ಣೆ ಬಟ್ಟೆ ಉಜ್ಜುತ್ತಿದ್ದಳು. ಹಳೆಯ ಕಟ್ಟಡಗಳನ್ನು ಕೆಡವುವುದು ಆ ಮನೆಯ ಕಸುಬು. ಶುರು ಮಾಡಿದ್ದು ಅಪ್ಪ, ಬೆಳೆಸಿದ್ದು ಅಮ್ಮ. ಯಾವ ಕಟ್ಟಡವಾದರೂ ಮೊದಲ ಪೆಟ್ಟು ಅವಳದೇ. ಅವಳು ಹೊಡೆಯದೆ ಕೂಲಿಯವರು ಹಾರೆ ಎತ್ತುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸುತ್ತಿಗೆಯಮ್ಮ.

"ಯಾಕೋ ಮಗಾ, ಕಾಫೀಲಿ ನೊಣ ಬಿದ್ದಿದೆಯಾ? ಅದನ್ನೇ ನೋಡ್ತಾ ಕೂತಿದ್ದೀಯ?"

"ಏನಿಲ್ಲಮ್ಮ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ನಿಮ್ಮಪ್ಪನೂ ಹೀಗೇ. ಬಾಯಲ್ಲಿ ಸಿಗರೇಟು ಇಲ್ಲದಿದ್ರೆ ತನಗೊಂದು ಬಾಯಿ ಇದೆ ಅನ್ನೋದೇ ಅವರಿಗೆ ಮರೆತುಹೋಗ್ತಿತ್ತು. ಕೊನೆಗೆ ಆ ಹೊಗೆನೇ ಅವರನ್ನ ತಿಂದುಹಾಕ್ತು. ಸಾವಿರ ಸಲ ಹೇಳಿದ್ದೆ... ಕೇಳಿದ್ರಾ?"

ಹೊಗೆ ತಿಂದಿರಲಿಲ್ಲ. ಆರು ವರ್ಷಗಳ ಹಿಂದೆ ಆಸ್ಪತ್ರೆಯ ಮೆಟ್ಟಿಲ ಬಳಿ ವೈದ್ಯರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು, ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದ್ದರು. ಹೇಳಿದ ಮೇಲೆ ತಲೆಯಾಡಿಸಿ, ಇದು ಸಿಗರೇಟಿನ ಕಾಯಿಲೆಯಲ್ಲ, ಕಲ್ನಾರಿನ ಧೂಳಿನದು ಎಂದಿದ್ದರು. ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಅಷ್ಟು ಮೆತ್ತಗಿನ ಹೆಸರೊಂದಿದೆ ಎಂದು ಅವನಿಗೆ ತಿಳಿದದ್ದು ಅಂದೇ. ಅಪ್ಪನ ಕಾಲದಲ್ಲಿ ಹಳೆಯ ಕಲ್ನಾರಿನ ಚಾವಣಿ ಶೀಟುಗಳನ್ನು ನೆನೆಸಿ ಇಳಿಸುವ ಬದಲು ಒಣಗಿದ್ದನ್ನೇ ಒಡೆದು ಉದುರಿಸಿ ಎಂದು ಕೆಳಗಿನಿಂದ ಕೂಗುತ್ತಿದ್ದವಳು ಅಮ್ಮ. ಕೆಲಸ ಬೇಗ ಮುಗಿಯಲೆಂದು, ಮಗನ ಶಾಲೆ ನಡೆಯಲೆಂದು. ಅವಳಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಇದನ್ನೆಲ್ಲ ಕಾಫಿ ಕುಡಿಯುವ ಹೊತ್ತಿನಲ್ಲಿ ತಾಯಿಯ ಮುಂದೆ ಇಡುವುದು ಹೇಗೆ?

ವರದಿ ಹಿಂದಿನ ಸಂಜೆಯೇ ಬಂದಿತ್ತು. ಅರ್ಜಿ, ಪರವಾನಗಿ, ಇಲಾಖೆಗೆ ಕೊಡುವ ತಿಳಿವಳಿಕೆ ಪತ್ರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ. ಕೆಡವುವ ಮೊದಲು ಕಟ್ಟಡವನ್ನು ತಪಾಸಣೆ ಮಾಡಿಸಬೇಕೆಂದು ಹಟ ಹಿಡಿದು, ಪೈಪಿನ ಹೊದಿಕೆಯ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿದ್ದವಳೂ ಅವಳೇ. ಅದಕ್ಕೆ ಅತ್ತೆ ಅವಳಿಗಿಟ್ಟ ಹೆಸರು ಅರ್ಜಿಯಮ್ಮ.

"ನೀವೇ ಹೇಳಿಬಿಡಿ. ನಾನು ಹೇಳಿದ್ರೆ, ಅರ್ಜಿಯಮ್ಮ ಇನ್ನೊಂದು ಕಾಗದ ಹಿಡ್ಕೊಂಡು ಬಂದ್ಲು ಅಂತಾರೆ," ಎಂದಿದ್ದಳು.

"ಬೆಳಿಗ್ಗೆ ಹೇಳ್ತೀನಿ," ಎಂದಿದ್ದ ಅವನು. ಗಂಡನನ್ನು ನಂಬಿ ಅವಳು ಬೆಳಿಗ್ಗೆಯೇ ಇಲಾಖೆಯ ಕಚೇರಿಗೆ ಹೊರಟುಹೋಗಿದ್ದಳು.

ಅಮ್ಮ ಎದ್ದಳು. ವ್ಯಾನಿನಲ್ಲಿ ಹೇಳಿದರಾಯಿತು ಎಂದುಕೊಂಡ. ವ್ಯಾನಿನಲ್ಲಿ ಅವಳು ಕಟ್ಟಡದ ಮಾಲೀಕನ ಜೊತೆ ಫೋನಿನಲ್ಲಿದ್ದಳು. ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡ. ಇಳಿಯುತ್ತಲೇ ಕೂಲಿಯವರು ಸುತ್ತುಗಟ್ಟಿದರು.

ಅದೊಂದು ಹಳೆಯ ವಿದ್ಯಾರ್ಥಿನಿಲಯ. ಮುಂದಿನ ಭಾಗವನ್ನು ಉಳಿಸಿಕೊಂಡು ದುರಸ್ತಿ ಮಾಡಬೇಕು, ಹಿಂದಿನದನ್ನು ಕೆಡವಬೇಕು. ನೆಲಮಾಳಿಗೆಯಲ್ಲಿ, ಹಿಂದೊಮ್ಮೆ ಇಡೀ ಕಟ್ಟಡಕ್ಕೆ ಬಿಸಿನೀರು ಕಳಿಸುತ್ತಿದ್ದ ಬಾಯ್ಲರ್. ಅದರಿಂದ ಹೊರಟ ಪೈಪುಗಳಿಗೆ ಬ್ಯಾಂಡೇಜಿನಂತೆ ಬೂದುಬಣ್ಣದ ದಪ್ಪ ಹೊದಿಕೆ. ಅಮ್ಮ ಕೋಣೆಯ ನಡುವೆ ನಿಂತು ಸುತ್ತಲೂ ನೋಡಿದಳು.

"ಗೋಡೆಗಿಂತ ಮೊದಲು ಈ ಪೈಪು ಹೋಗ್ಲಿ. ಕಬ್ಬಿಣ ಒಳ್ಳೇದಿದೆ."

"ಅಮ್ಮ, ಒಂದು ನಿಮಿಷ..."

ಅವನ ದನಿ ಅವನಿಗೇ ಕೇಳಿಸಲಿಲ್ಲ. ಸುತ್ತಿಗೆ ಬಿತ್ತು. ಹೊದಿಕೆ ಸೀಳಿ, ಬೂದುಬಣ್ಣದ ಎಳೆಗಳು ಅಮ್ಮನ ತಲೆ, ಭುಜ, ತೋಳುಗಳ ಮೇಲೆ ಉದುರಿದವು.

ಅದೇ ಕ್ಷಣದಲ್ಲಿ, ಕಚೇರಿಯಿಂದ ನೇರವಾಗಿ ಬಂದ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಆ ಒಂದು ನೋಟದಲ್ಲಿ ಅವಳಿಗೆ ಎಲ್ಲ ತಿಳಿದುಹೋಯಿತು. ಚೀಲದಿಂದ ಮುಖಗವಸು ತೆಗೆದು ಬಿಗಿದುಕೊಂಡು ಒಳಗೆ ಬಂದಳು.

"ಎಲ್ಲರೂ ಹೊರಗೆ ನಡೀರಿ. ಓಡಬೇಡಿ, ಮೆಲ್ಲಗೆ. ಯಾರೂ ಏನನ್ನೂ ಗುಡಿಸಬೇಡಿ. ಬಾಗಿಲ ಹತ್ರಾನೇ ನಿಲ್ಲಿ."

ಅಮ್ಮ ಅಭ್ಯಾಸಬಲದಿಂದ ಭುಜದ ಧೂಳು ಕೊಡವಲು ಕೈಯೆತ್ತಿದಳು. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಹಾಗೆ ಕೊಡವಿದ ಕೈ. ಸೊಸೆ ಮುಂದೆ ಬಂದು ಅತ್ತೆಯ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡಳು.

"ಕೊಡವಬೇಡಿ ಅತ್ತೆ."

ಹೊರಗೆ ಹೊರಟಿದ್ದ ಕೂಲಿಯವರು ಬಾಗಿಲಲ್ಲೇ ನಿಂತುಬಿಟ್ಟರು. ಸುತ್ತಿಗೆಯಮ್ಮನ ಕೈ ಹಿಡಿದವರನ್ನು ಅವರು ಅದುವರೆಗೆ ಕಂಡಿರಲಿಲ್ಲ.

"ಬಿಡು ಕೈನ."

"ಬಿಡಲ್ಲ. ಇದು ಆಸ್ಬೆಸ್ಟಾಸ್ ಅಂತ ವರದಿ ಬಂದಿದೆ. ನೀವು ಕೊಡವಿದ್ರೆ ಅದು ಗಾಳಿಗೆ ಹೋಗುತ್ತೆ. ಗಾಳಿಯಿಂದ ಎದೆಗೆ. ನಿಮ್ಮ ಎದೆಗೆ, ಇವರೆಲ್ಲರ ಎದೆಗೆ. ಹೊರಗೆ ಬನ್ನಿ, ನಿಮ್ಮ ಬಟ್ಟೆ ನೆನೆಸಿ ಚೀಲಕ್ಕೆ ಹಾಕ್ಬೇಕು. ಸ್ನಾನ ಮಾಡ್ಬೇಕು."

"ಇಷ್ಟು ಜನರೆದುರು ನನ್ನ ಬಟ್ಟೆ ಬಿಚ್ಚಿಸೋಕೆ ಬಂದಿದ್ದೀಯಾ? ನನ್ನ ಕೆಲಸದ ಜಾಗದಲ್ಲಿ? ಎರಡಕ್ಷರ ಓದಿದ ಮಾತ್ರಕ್ಕೆ..." ಅಮ್ಮ ದನಿಯೇರಿಸಿದಳು. "ವರದಿ ಬಂದಿದ್ರೆ ಮೊದಲೇ ಯಾಕೆ ಹೇಳಲಿಲ್ಲ? ನಾನು ಹೊಡೆಯೋದನ್ನೇ ಕಾಯ್ತಿದ್ಯಾ, ತಮಾಷೆ ನೋಡೋಕೆ?"

ಹೆಂಡತಿ ಗಂಡನತ್ತ ತಿರುಗಲಿಲ್ಲ. "ತಪ್ಪಾಯ್ತು ಅತ್ತೆ. ನಾನೇ ಹೇಳ್ಬೇಕಿತ್ತು," ಎಂದಳು.

ಎಷ್ಟು ಸುಲಭವಾಗಿ ಅವಳು ಆ ಭಾರವನ್ನು ತನ್ನ ತಲೆಯ ಮೇಲೆಳೆದುಕೊಂಡಳು! ಈಗಲೂ ಸುಮ್ಮನಿದ್ದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮ ಸೊಸೆಯನ್ನು ಇನ್ನೊಂದಿಷ್ಟು ದಿನ ಬೈಯುತ್ತಿದ್ದಳು, ಸೊಸೆ ಕೇಳಿಸಿಕೊಳ್ಳುತ್ತಿದ್ದಳು, ಮನೆ ಎಂದಿನಂತೆ ನಡೆಯುತ್ತಿತ್ತು. ತನ್ನ ಮೌನವನ್ನು ಅವನು ಇಷ್ಟು ದಿನ ಒಳ್ಳೆಯತನ ಎಂದುಕೊಂಡಿದ್ದ. ಬಾಗಿಲ ಬಳಿ ನಿಂತ ಹನ್ನೊಂದು ಜನರನ್ನು ನೋಡಿದ. ಅಮ್ಮನ ಕೂದಲಲ್ಲಿ ಸಿಕ್ಕಿಕೊಂಡ ಬೂದು ಎಳೆಗಳನ್ನು ನೋಡಿದ.

"ಅವಳಲ್ಲಮ್ಮ," ಎಂದ. "ನಿನ್ನೆ ಸಂಜೆಯೇ ಅವಳು ನನಗೆ ಹೇಳಿದ್ಲು. ನಿನಗೆ ಹೇಳ್ತೀನಿ ಅಂತ ಒಪ್ಪಿಕೊಂಡಿದ್ದು ನಾನು. ಹೇಳದೇ ಇದ್ದಿದ್ದೂ ನಾನೇ."

ಅಮ್ಮ ಮಗನನ್ನು ದಿಟ್ಟಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸುತ್ತಿಗೆಯನ್ನು ಅಲ್ಲೇ ನೆಲದ ಮೇಲಿಟ್ಟು, ಸೊಸೆ ಕರೆದ ಕಡೆಗೆ ಹೆಜ್ಜೆ ಹಾಕಿದಳು.

ಕೆಳಮಹಡಿಯ ಹಳೆಯ ಸ್ನಾನದ ಮನೆಯಲ್ಲಿ ನಲ್ಲಿಗೆ ಇನ್ನೂ ನೀರು ಬರುತ್ತಿತ್ತು. ಒಂದೊಂದೇ ಬಟ್ಟೆಯನ್ನು ನೀರು ಸಿಂಪಡಿಸಿ ಕಳಚಿ, ಒಳಮಗ್ಗುಲಾಗಿ ಮಡಿಚಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲಕ್ಕಿಳಿಸಿ ಬಾಯಿ ಬಿಗಿದಳು ಸೊಸೆ. ಆಮೇಲೆ ಅತ್ತೆಯ ತಲೆಯನ್ನು ಬಗ್ಗಿಸಿ ಮೂರು ಸಲ ತೊಳೆದಳು. ಹೊರಗೆ ನಿಂತಿದ್ದ ಅವನಿಗೆ ನೀರಿನ ಸದ್ದಿನ ನಡುವೆ ಮಾತುಗಳು ಕೇಳುತ್ತಿದ್ದವು.

"ಕೈ ಯಾಕೆ ನಡುಗ್ತಿದೆ ನಿಂದು?"

"ಭಯ ಆಗಿದೆ ಅತ್ತೆ."

"ನನ್ನ ಕಂಡ್ರಾ?"

"ನಿಮಗೇನಾದ್ರೂ ಆದ್ರೆ ನನ್ನ ಹತ್ರ ಜಗಳ ಆಡೋಕೆ ಆ ಮನೇಲಿ ಯಾರಿದ್ದಾರೆ? ನಿಮ್ಮ ಮಗನಂತೂ ಬಾಯೇ ಬಿಡಲ್ಲ."

ಆಮೇಲೆ ಅಮ್ಮ ನಕ್ಕಳೋ ಅತ್ತಳೋ, ಬಾಗಿಲ ಆಚೆಯಿಂದ ತಿಳಿಯುವಂತಿರಲಿಲ್ಲ.

ಉಳಿದವರೂ ಸರದಿಯಲ್ಲಿ ತೊಳೆದುಕೊಂಡರು, ಅವನೂ. ಪೇಟೆಯಿಂದ ತರಿಸಿದ ಹೊಸ ಬಟ್ಟೆಗಳು ಯಾರಿಗೂ ಸರಿಯಾದ ಅಳತೆಯವಲ್ಲ. ಮೊಣಕಾಲ ತನಕ ಬಂದ ಪ್ಯಾಂಟು ತೊಟ್ಟು ಹೊರಬಂದ ಅತಿ ಹಿರಿಯ ಕೂಲಿಯವನನ್ನು ನೋಡಿ, "ಶಾಲೆಗೆ ಹೊರಟ್ಯೇನಣ್ಣ?" ಎಂದರು ಉಳಿದವರು. ಅಮ್ಮ ಸೊಸೆಯ ಸಡಿಲ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂತು, ವರದಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ಓದಿದಳು. ಓದಿ ಮುಗಿಸಿ ಮಾಲೀಕನಿಗೆ ತಾನೇ ಫೋನು ಮಾಡಿದಳು.

"ಹೂಂ, ನಿಲ್ಲಿಸಿದ್ದೀನಿ... ತಡ ಆಗುತ್ತೆ, ಆಗ್ಲಿ. ಇದನ್ನ ತೆಗೆಯೋಕೆ ಲೈಸೆನ್ಸ್ ಇರೋರೇ ಬರ್ಬೇಕಂತೆ... ಬೇರೆಯವರಿಗೆ ಕೊಡ್ತೀರಾ? ಕೊಡಿ. ಆದ್ರೆ ವರದಿ ಇಲಾಖೆಗೆ ಹೋಗಿಯಾಗಿದೆ. ಕದ್ದು ಒಡೆಸಿದ್ರೆ ನಿಮ್ಮ ಮೇಲೂ ಕೇಸು ಬೀಳುತ್ತೆ... ನನಗೆ ಯಾರು ಹೇಳಿದ್ರಾ? ನನ್ನ ಸೊಸೆ."

ನನ್ನ ಸೊಸೆ ಎಂಬ ಮಾತನ್ನು ಅವಳು ಅಷ್ಟು ಗಟ್ಟಿಯಾಗಿ ಹಿಂದೆಂದೂ ಹೇಳಿರಲಿಲ್ಲ.

ಲೈಸೆನ್ಸ್ ಇದ್ದವರು ಬಂದರು. ನೆಲಮಾಳಿಗೆಯನ್ನು ಎರಡು ಪದರ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಒಳಗಿನ ಗಾಳಿಯನ್ನು ಸೋಸಿ ಹೊರಬಿಡುವ ಯಂತ್ರ ಹೂಡಿದರು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಧರಿಸಿ, ಹೊದಿಕೆಯನ್ನು ನೀರಲ್ಲಿ ನೆನೆಸಿ ನೆನೆಸಿ, ಹುಣ್ಣಿನ ಪಟ್ಟಿ ಬಿಚ್ಚುವ ನರ್ಸುಗಳಂತೆ ಮೆಲ್ಲಗೆ ಬಿಡಿಸಿದರು. ಎಲ್ಲವೂ ಎಚ್ಚರಿಕೆಯ ಚೀಟಿ ಹೊತ್ತ ಜೋಡಿ ಚೀಲಗಳಲ್ಲಿ, ಮುಚ್ಚಿದ ಲಾರಿಯಲ್ಲಿ, ಸರಕಾರ ಗೊತ್ತುಮಾಡಿದ ಗುಂಡಿಗೇ ಹೋಯಿತು. ಯಾರೂ ದಾಟಬಾರದೆಂದು ಪಟ್ಟಿ ಕಟ್ಟಿ ಗುರುತಿಸಿದ ಗೆರೆಯ ಹೊರಗೆ ಅಮ್ಮ ದಿನವೂ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಕೂಲಿಯವರಲ್ಲಿ ಯಾರಾದರೂ ಇಣುಕಲು ಹೋದರೆ, "ಏಯ್, ಗೆರೆ ಕಾಣಲ್ವಾ? ಮನೇಲಿ ಹೆಂಡತಿ ಮಕ್ಕಳಿಲ್ವಾ ನಿನಗೆ?" ಎಂದು ಗದರುತ್ತಿದ್ದಳು. ಇಪ್ಪತ್ತೆರಡನೆಯ ದಿನ ಗಾಳಿಯ ಪರೀಕ್ಷೆ ಮಾಡಿ, ಕೋಣೆ ಶುದ್ಧವಾಗಿದೆ ಎಂದು ಬರೆದುಕೊಟ್ಟರು.

ಅದರ ಮರುವಾರ ಅಮ್ಮನೇ ಮುಂದೆ ನಿಂತು ಎಲ್ಲರನ್ನೂ ಎದೆಯ ತಪಾಸಣೆಗೆ ಕರೆದೊಯ್ದಳು. ಒಂದು ಪೆಟ್ಟಿನ ಧೂಳಿಗೆ ಹೆದರಬೇಕಿಲ್ಲ, ಆದರೆ ಹಳೆಯ ವರ್ಷಗಳ ಲೆಕ್ಕ ಬೇರೆ, ಪ್ರತಿವರ್ಷ ಬಂದು ತೋರಿಸಿಕೊಳ್ಳಿ ಎಂದರು ವೈದ್ಯರು. ಅಮ್ಮನ ಶ್ವಾಸಕೋಶದಲ್ಲಿ ಒಂದು ಸಣ್ಣ ಕಲೆಯಿತ್ತು. ಅದು ಬೆಳೆಯುತ್ತಿಲ್ಲ, ಸದ್ಯಕ್ಕೆ ಏನೂ ತೊಂದರೆಯಿಲ್ಲ ಎಂದರು.

"ಊದಿ, ಇನ್ನೂ ಊದಿ ಅಂತ ಎದೆ ಪರೀಕ್ಷೆ ಮಾಡೋ ಆ ಹುಡುಗಿ ನನ್ನ ಉಸಿರನ್ನೇ ಕಿತ್ಕೊಂಡುಬಿಟ್ಲು," ಎನ್ನುತ್ತ ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಸೊಸೆ ನೀರು ತರಲು ಹೋದಳು. ಅವಳು ಹೋದ ದಿಕ್ಕನ್ನೇ ನೋಡುತ್ತ ಅಮ್ಮ ಕೇಳಿದಳು:

"ನಿಮ್ಮಪ್ಪಂಗೂ ಇದೇನಾ ಆಗಿದ್ದು?"

ಈ ಸಲ ಅವನು ತಡಮಾಡಲಿಲ್ಲ. "ಹೌದಮ್ಮ. ಸಿಗರೇಟಲ್ಲ. ಈ ಧೂಳೇ. ಡಾಕ್ಟರು ನನಗೆ ಅವತ್ತೇ ಹೇಳಿದ್ರು."

ಅಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. ಅವುಗಳ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು...

"ಒಣಗಿದ್ದನ್ನೇ ಒಡೀರಿ ಅಂತ ಕೂಗ್ತಿದ್ದೋಳು ನಾನು. ಕೊನೆ ದಿನದವರೆಗೂ ಸಿಗರೇಟು ಸಿಗರೇಟು ಅಂತ ಅವರ ಪ್ರಾಣ ತಿಂದೆ. ಒಂದು ಮಾತೂ ಎದುರಾಡಲಿಲ್ಲ ಪುಣ್ಯಾತ್ಮ." ತಲೆಯೆತ್ತದೆ ಕೇಳಿದಳು. "ಅವರಿಗೆ ಗೊತ್ತಿತ್ತಾ?"

"ಇಲ್ಲಮ್ಮ. ಯಾರಿಗೂ ಗೊತ್ತಿರಲಿಲ್ಲ ಆಗ. ನಿನಗೂ ಗೊತ್ತಿರಲಿಲ್ಲ."

ಅಮ್ಮ ನಿಟ್ಟುಸಿರು ಬಿಟ್ಟಳು. ನೀರು ತಂದ ಸೊಸೆ ಪಕ್ಕದಲ್ಲಿ ಕೂತಾಗ, ಕೇಳದೆಯೇ ಅವಳ ಭುಜಕ್ಕೆ ತಲೆಯಾನಿಸಿದಳು. ಅವನು ಕಿಟಕಿಯ ಹತ್ತಿರ ಹೋಗಿ ನಿಂತ.

ಅಪ್ಪನಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಗನ ಕೈ ಹಿಡಿದು, "ಅವಳು ಸಿಗರೇಟು ಅಂತಲೇ ಅಂದ್ಕೊಂಡಿರಲಿ ಕಣೋ, ಬೈಕೊಂಡಾದ್ರೂ ನೆಮ್ಮದಿಯಾಗಿರ್ತಾಳೆ," ಎಂದಿದ್ದರು. ಅದನ್ನು ಅವನು ಅಮ್ಮನಿಗೆ ಎಂದೂ ಹೇಳಲಿಲ್ಲ.